ಫಿಲ್ಮಿನ ಮೇಲಿನ ಗೆರೆ: ಅದರ ಕಾರಣವನ್ನು ಕಂಡುಹಿಡಿಯುವ ಬಗೆ

ಬೆಂಗಳೂರಿನ ದಕ್ಷಿಣಕ್ಕೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ನಡುವೆ ಬೆಳೆದ ಬಡಾವಣೆಯೇ ಬಿಟಿಎಂ ಲೇಔಟ್. ಅಲ್ಲಿ ನಮ್ಮ ಬೀದಿಯಲ್ಲಿರುವ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಹಳೆಯ ಲಕೋಟೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದಳು. ಅದರೊಳಗೆ ೧೯೭೦ರ ದಶಕದ ಕಪ್ಪು ಬಿಳುಪು ನೆಗೆಟಿವುಗಳಿದ್ದುವು. ಆರಾರು ಚಿತ್ರಗಳಿಗೊಂದರಂತೆ ಅವನ್ನು ತುಂಡುಗಳಾಗಿ ಕತ್ತರಿಸಿದ್ದರು. ಒಂದು ತುಂಡಿನಲ್ಲಿ ಅವಳ ಅಜ್ಜಿ ಜಗಲಿಯ ಮೇಲೆ ಕುಳಿತು ನಗುತ್ತಿರುವ ಚಿತ್ರವಿತ್ತು. ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಆಕೆ ನಕ್ಕ ಚಿತ್ರ ಮನೆಯಲ್ಲಿ ಅದೊಂದೇ. ಹೊಸದಾಗಿ ಪ್ರಿಂಟು ಮಾಡಿಸಿದಾಗ ಆಕೆಯ ಹಣೆಯ ಮೇಲೆ ಎಡದಿಂದ ಬಲಕ್ಕೆ ದಾರ ಕಟ್ಟಿದಂತೆ ಬಿಳಿಯ ಗೆರೆಯೊಂದು ಮೂಡಿತ್ತು.

“ನೆಗೆಟಿವ್ ಹಾಳಾಗಿದೆ, ಏನೂ ಮಾಡುವ ಹಾಗಿಲ್ಲ ಅಂದರು, ಸಾರ್. ಅಂದು ತೊಳೆದುಕೊಟ್ಟ ಸ್ಟುಡಿಯೋದವರೇ ಕೆಡಿಸಿರಬೇಕೆಂದು ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ,” ಎಂದಳು.

ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಗೆರೆ ಯಾರಿಂದ, ಯಾವಾಗ ಆಯಿತು? ಚಿತ್ರವನ್ನು ಉಳಿಸಿಕೊಳ್ಳಲು ಸಾಧ್ಯವೆ? ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದೂ ಬಹುಮಟ್ಟಿಗೆ ದೊರೆತಂತೆಯೇ. ವೈದ್ಯನು ರೋಗಿಯ ನಾಡಿ ನೋಡುವಂತೆ ಫಿಲ್ಮನ್ನು ಕ್ರಮವಾಗಿ ನೋಡಬೇಕು. ಆ ಕ್ರಮವೇ ಈ ಲೇಖನದ ವಸ್ತು.

ಫಿಲ್ಮಿನ ರಚನೆ

ಫಿಲ್ಮು ನೋಡುವುದಕ್ಕೆ ಒಂದೇ ಹಾಳೆಯಂತೆ ಕಂಡರೂ ಅದು ಹಲವು ಪದರಗಳ ಜೋಡಣೆ. ಅದಕ್ಕೆ ಆಧಾರವಾಗಿರುವುದು ಪಾರದರ್ಶಕವಾದ ಸೆಲ್ಯುಲೋಸ್ ಟ್ರೈಅಸಿಟೇಟಿನ ತಳ. ಅದರ ದಪ್ಪ ಸುಮಾರು ೦.೧೩ ಮಿಲಿಮೀಟರು. ಅದರ ಒಂದು ಮಗ್ಗುಲಿಗೆ ಜಿಲಟಿನ್ನಿನ ಲೇಪವಿರುತ್ತದೆ. ಈ ಲೇಪದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಆದರೆ ಚಿತ್ರವೆಲ್ಲವೂ ಇರುವುದು ಅದರಲ್ಲಿಯೇ. ಬೆಳ್ಳಿಯ ಬ್ರೋಮೈಡು ಮೊದಲಾದ ಲವಣಗಳ ಸೂಕ್ಷ್ಮ ಹರಳುಗಳು ಅದರಲ್ಲಿ ಹರಡಿಕೊಂಡಿರುತ್ತವೆ. ಬೆಳಕು ತಗುಲಿದ ಹರಳುಗಳು ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗಿ ಮಾರ್ಪಡುವುವು. ತಗುಲದವು ಮುಂದಿನ ದ್ರಾವಣದಲ್ಲಿ ಕರಗಿಹೋಗುವುವು. ಲೇಪದ ಮೇಲೆ ಅದನ್ನು ಸವೆತದಿಂದ ಕಾಪಾಡಲು ಬಹಳ ತೆಳುವಾದ ಇನ್ನೊಂದು ಜಿಲಟಿನ್ ಪದರವಿರುವುದುಂಟು.

ಎರಡು ಮಗ್ಗುಲುಗಳನ್ನು ಗುರುತಿಸುವುದು ಸುಲಭ. ತಳದ ಮಗ್ಗುಲು ಕನ್ನಡಿಯಂತೆ ಹೊಳೆಯುತ್ತದೆ; ಲೇಪದ ಮಗ್ಗುಲು ಮಂಕಾಗಿರುತ್ತದೆ. ಹೊಳೆಯುವ ಮಗ್ಗುಲನ್ನು ನಮ್ಮ ಕಡೆಗೆ ಹಿಡಿದರೆ ಅಂಚಿನಲ್ಲಿರುವ ಅಕ್ಷರಗಳೂ ಅಂಕಿಗಳೂ ಸರಿಯಾಗಿ ಓದಿಸಿಕೊಳ್ಳುತ್ತವೆ.

ನಮ್ಮ ನೆರೆಯ ಊಟಿಯಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ೧೯೬೭ರಿಂದ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಕರ್ನಾಟಕದ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅದರ ನೆಗೆಟಿವುಗಳು ಇನ್ನೂ ಇವೆ. ಫಿಲ್ಮು ಯಾವುದಾದರೂ ಆಗಲಿ, ಪರೀಕ್ಷೆಯ ಕ್ರಮ ಒಂದೇ.

ಕಪ್ಪು ಗೆರೆಯೊ, ಬಿಳಿ ಗೆರೆಯೊ?

ಪರೀಕ್ಷೆಯ ಮೊದಲ ಮೆಟ್ಟಿಲು ಪ್ರಿಂಟಿನಲ್ಲಿ ಗೆರೆಯ ಬಣ್ಣವನ್ನು ನೋಡುವುದು.

ಲೇಪದ ಮಗ್ಗುಲಲ್ಲಿ ಆಳವಾದ ಗೀರು ಬಿದ್ದು ಬೆಳ್ಳಿಯೇ ಕಿತ್ತುಹೋಗಿದೆಯೆಂದು ಭಾವಿಸೋಣ. ಆ ಜಾಗದಲ್ಲಿ ನೆಗೆಟಿವು ಬರಿದಾಗುತ್ತದೆ. ಬೆಳಕು ಅಡ್ಡಿಯಿಲ್ಲದೆ ಹಾದು ಕಾಗದಕ್ಕೆ ಬೀಳುತ್ತದೆ. ಹೆಚ್ಚು ಬೆಳಕು ಬಿದ್ದ ಕಾಗದ ಹೆಚ್ಚು ಕಪ್ಪಾಗುವುದರಿಂದ ಪ್ರಿಂಟಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಚಿತ್ರದ ಒಂದು ಅಂಶವೇ ನಾಶವಾಗಿರುವುದರಿಂದ ಇದು ಕಠಿನವಾದ ರೋಗ.

ತಳದ ಮಗ್ಗುಲಲ್ಲಿ ಗೀರು ಬಿದ್ದರೆ ಆಗುವುದೇ ಬೇರೆ. ಅಲ್ಲಿ ಬೆಳ್ಳಿಯಿಲ್ಲ, ಇರುವುದು ಪಾರದರ್ಶಕ ವಸ್ತುವಿನಲ್ಲಿ ಒಂದು ಸಣ್ಣ ಕಾಲುವೆ ಮಾತ್ರ. ನೇರವಾಗಿ ಬರುವ ಬೆಳಕು ಆ ಕಾಲುವೆಯ ಇಳಿಜಾರು ದಡಗಳನ್ನು ತಾಕಿ ವಕ್ರೀಭವನ ಹೊಂದಿ ಅಕ್ಕಪಕ್ಕಕ್ಕೆ ಚೆದರುತ್ತದೆ. ಕಾಗದಕ್ಕೆ ತಲುಪಬೇಕಾದ ಬೆಳಕು ಅಷ್ಟು ಕಡಿಮೆಯಾಗಿ ಪ್ರಿಂಟಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಲೇಪದ ಮೇಲ್ಪದರವನ್ನು ಮಾತ್ರ ಸೋಕಿ, ಬೆಳ್ಳಿಯನ್ನು ಮುಟ್ಟದ ಗೀರೂ ಹೀಗೆಯೇ ಬಿಳಿಯ ಗೆರೆಯನ್ನು ಕೊಡುತ್ತದೆ.

ಬಿಳಿ ಗೆರೆಗೆ ಇನ್ನೊಂದು ಕಾರಣವೂ ಉಂಟು. ಡೆವಲಪ್ ಆಗುವ ಮುನ್ನ ಫಿಲ್ಮನ್ನು ಒತ್ತಿದರೆ ಅಥವಾ ಮಡಿಸಿದರೆ, ಆ ಒತ್ತಡದಿಂದಲೇ ಹರಳುಗಳು ಬೆಳಕು ಕಂಡಂತೆ ವರ್ತಿಸಿ ಡೆವಲಪರಿನಲ್ಲಿ ಕಪ್ಪಾಗುವುದುಂಟು. ಕತ್ತಲೆಯಲ್ಲಿ ಫಿಲ್ಮನ್ನು ಸುರುಳಿಗೆ ಏರಿಸುವಾಗ ಬೆರಳು ಒತ್ತಿ ಸೊಟ್ಟಗಾದರೆ ಉಗುರಿನಾಕಾರದ ಅರ್ಧಚಂದ್ರದ ಗುರುತು ಮೂಡುವುದು ಈ ಕಾರಣದಿಂದಲೇ. ಇಲ್ಲಿ ಮೇಲ್ಮೈ ಕಿಂಚಿತ್ತೂ ಗೀರಿರುವುದಿಲ್ಲ.

ಈ ಮೂರನ್ನೂ ಬೇರ್ಪಡಿಸುವ ಉಪಾಯ ಸರಳವಾಗಿದೆ. ಒಂದು ದೀಪದ ಕೆಳಗೆ ನೆಗೆಟಿವಿನ ಅಂಚನ್ನು ಹಿಡಿದು ಮೆಲ್ಲಗೆ ಓರೆ ಮಾಡುತ್ತ, ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕಿನಲ್ಲಿ ನೋಡಬೇಕು. ಹೊಳೆಯುವ ಮಗ್ಗುಲಲ್ಲಿ ಗೆರೆ ಮಿಂಚಿದರೆ ಗೀರು ತಳದಲ್ಲಿದೆ. ಮಂಕು ಮಗ್ಗುಲಲ್ಲಿ ಮಿಂಚಿದರೆ ಲೇಪದಲ್ಲಿದೆ. ಎರಡು ಕಡೆಯೂ ಮಿಂಚದೆ, ದೀಪಕ್ಕೆ ಎದುರು ಹಿಡಿದಾಗ ಮಾತ್ರ ಕಪ್ಪಾಗಿ ಕಂಡರೆ ಅದು ಒತ್ತಡದ ಅಥವಾ ಬೆಳಕಿನ ಗುರುತು. ಒಂದು ಭೂತಗನ್ನಡಿ ಇದ್ದರೆ ಈ ಪರೀಕ್ಷೆಗೆ ಒಂದು ನಿಮಿಷ ಸಾಕು.

ಗೆರೆಯ ದಿಕ್ಕು

ಹಳ್ಳಿಯ ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ನೋಡಿದ ಹಿರಿಯರನ್ನು ಕೇಳಿದರೆ, ಹಳೆಯ ಚಿತ್ರಗಳಲ್ಲಿ ತೆರೆಯ ಮೇಲೆ ಮಳೆ ಸುರಿಯುತ್ತಿತ್ತೆಂದು ಹೇಳುವರು. ಆ ಮಳೆಯ ಹನಿಗಳು ಮೇಲಿನಿಂದ ಕೆಳಕ್ಕೆ ನೇರವಾಗಿಯೇ ಏಕೆ ಬೀಳುತ್ತಿದ್ದುವು? ಪ್ರೊಜೆಕ್ಟರಿನಲ್ಲಿ ಫಿಲ್ಮು ಚಲಿಸುವುದು ಮೇಲಿನಿಂದ ಕೆಳಕ್ಕೆ. ದಾರಿಯಲ್ಲಿ ಒಂದು ಮರಳಿನ ಕಣ ಕುಳಿತಿದ್ದರೆ ಅದು ನೇಗಿಲಿನಂತೆ ಫಿಲ್ಮಿನ ಉದ್ದಕ್ಕೂ ಸಾಲು ತೆಗೆಯುತ್ತದೆ. ಮೂವತ್ತೈದು ಮಿಲಿಮೀಟರಿನ ಸಿನಿಮಾ ಫಿಲ್ಮಿನಲ್ಲಿ ಒಂದೊಂದು ಚಿತ್ರ ೧೯ ಮಿಲಿಮೀಟರು ಜಾಗವನ್ನು ಹಿಡಿಯುತ್ತದೆ. ಸೆಕೆಂಡಿಗೆ ೨೪ ಚಿತ್ರಗಳಂತೆ ೪೫೬ ಮಿಲಿಮೀಟರು ಫಿಲ್ಮು ಓಡುತ್ತದೆ. ಆದುದರಿಂದ ಒಂದು ಮೀಟರು ಉದ್ದದ ಗೀರು ತೆರೆಯ ಮೇಲೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ನಿಲ್ಲುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ತೆರೆಯ ಮೇಲೆ ಬೀಳುವುದು ಪಾಸಿಟಿವ್ ಪ್ರತಿ. ಅದರ ತಳದಲ್ಲಿಯೇ ಗೀರಿದ್ದರೆ ಬೆಳಕು ಚೆದರಿ ತೆರೆಯ ಮೇಲೆ ಕಪ್ಪು ಗೆರೆಯಾಗುತ್ತದೆ. ಮೂಲ ನೆಗೆಟಿವಿನ ತಳದಲ್ಲಿದ್ದ ಗೀರಾದರೋ ಪ್ರತಿಯಲ್ಲಿ ಬಿಳಿಯ ಗೆರೆಯಾಗಿ ಅಚ್ಚಾಗಿರುತ್ತದೆ. ಹೀಗೆ ಗೆರೆಯ ಬಣ್ಣವೇ ಅದು ಯಾವ ತಲೆಮಾರಿನ ಫಿಲ್ಮಿನಲ್ಲಿ ಹುಟ್ಟಿತೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ.

ಹಳೆಯ ಚಲನಚಿತ್ರಗಳನ್ನು ಪುನರುದ್ಧಾರ ಮಾಡುವವರಿಗೆ ಈ ಸಾಕ್ಷಿ ಬಹಳ ಮುಖ್ಯ. ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿ ಎಸ್. ರಾಮಚಂದ್ರ ಅವರು ಛಾಯಾಗ್ರಹಣ ಮಾಡಿದ ೧೯೭೭ರ ಕಪ್ಪು ಬಿಳುಪು ಚಿತ್ರ ‘ಘಟಶ್ರಾದ್ಧ’ ಹೀಗೆ ಪುನರುದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಂಥ ಕೆಲಸದಲ್ಲಿ ಧೂಳಿನ ಚುಕ್ಕೆಗಿಂತ ಉದ್ದನೆಯ ಗೀರು ಹೆಚ್ಚು ಕಷ್ಟ ಕೊಡುವುದು. ಚುಕ್ಕೆ ಒಂದು ಚಿತ್ರದಲ್ಲಿ ಮಾತ್ರ ಇರುವುದರಿಂದ ಹಿಂದಿನ ಅಥವಾ ಮುಂದಿನ ಚಿತ್ರದ ಅದೇ ಭಾಗವನ್ನು ಎರವಲು ತರಬಹುದು. ಗೀರಾದರೋ ಹಿಂದಿನದರಲ್ಲಿಯೂ ಮುಂದಿನದರಲ್ಲಿಯೂ ಅದೇ ಜಾಗದಲ್ಲಿರುತ್ತದೆ. ಎರವಲು ತರಲು ನೆರೆಯವನೂ ಬಡವ! ಆಗ ಗೆರೆಯ ಎಡಬಲಗಳನ್ನು ನೋಡಿಯೇ ನಡುವಣ ಭಾಗವನ್ನು ತುಂಬಬೇಕಾಗುವುದು.

ಸಾಮಾನ್ಯ ಸ್ಥಿರಚಿತ್ರದ ಕ್ಯಾಮರಾದಲ್ಲಿ ಫಿಲ್ಮು ಅಡ್ಡಡ್ಡಲಾಗಿ ಚಲಿಸುತ್ತದೆ. ಆದುದರಿಂದ ಚಲನೆಯಿಂದಾದ ಗೀರು ಚಿತ್ರದ ಉದ್ದಕ್ಕೆ ಸಮಾಂತರವಾಗಿರುತ್ತದೆ. ಅಡ್ಡಗಲಕ್ಕೆ ಅಥವಾ ಓರೆಯಾಗಿ ಬಿದ್ದ ಗುರುತಾದರೆ ಅದು ಸಾಮಾನ್ಯವಾಗಿ ಕೈಯಿಂದ, ಉಗುರಿನಿಂದ, ಮಡಿಕೆಯಿಂದ ಆದದ್ದು.

ತಪ್ಪು ಯಾರದು?

ಉದ್ದನೆಯ ಗೀರು ಕ್ಯಾಮರಾದಲ್ಲಿ ಆಯಿತೊ, ತೊಳೆಯುವಾಗ ಆಯಿತೊ, ಆಮೇಲೆ ಆಯಿತೊ? ಇದನ್ನು ತಿಳಿಯಲು ಫಿಲ್ಮಿನ ಪ್ರಯಾಣವನ್ನು ಮನಸ್ಸಿನಲ್ಲಿ ಹಿಂಬಾಲಿಸಬೇಕು.

ಫಿಲ್ಮು ಡಬ್ಬಿಯ ಬಾಯಲ್ಲಿರುವ ಮಕಮಲ್ಲಿನ ತುಟಿಗಳ ನಡುವಿನಿಂದ ಹೊರಬರುತ್ತದೆ. ಅಲ್ಲಿ ಒಂದು ಕಣ ಸಿಕ್ಕಿದ್ದರೆ ಯಾವ ಮಗ್ಗುಲಾದರೂ ಗೀರಬಹುದು. ಮುಂದೆ ಅದು ಮಸೂರದ ಹಿಂದೆ ಬರುತ್ತದೆ. ಅಲ್ಲಿ ಲೇಪದ ಮಗ್ಗುಲು ಮಸೂರದ ಕಡೆಗಿದ್ದು ಅಂಚುಗಳಲ್ಲಿ ಮಾತ್ರ ಕಂಬಿಗಳಿಗೆ ತಾಗುತ್ತದೆ. ತಳದ ಮಗ್ಗುಲಾದರೋ ಹಿಂದಿನ ಒತ್ತುಫಲಕಕ್ಕೆ ಪೂರ್ತಿಯಾಗಿ ಒರಗಿರುತ್ತದೆ. ಆದುದರಿಂದ ಚಿತ್ರದ ಮಧ್ಯದಲ್ಲಿ ತಳದ ಕಡೆ ಗೀರಿದ್ದರೆ ಒತ್ತುಫಲಕವನ್ನು ಮೊದಲು ಸಂಶಯಿಸಬೇಕು.

ಕ್ಯಾಮರಾದ ಗೀರಿಗೆ ಒಂದು ವಿಶೇಷ ಲಕ್ಷಣವುಂಟು. ಅಲ್ಲಿ ಫಿಲ್ಮು ಒಂದೊಂದು ಚಿತ್ರಕ್ಕೂ ೩೮ ಮಿಲಿಮೀಟರು ಸರಿದು ನಿಲ್ಲುತ್ತದೆ. ನಿಂತ ಜಾಗದಲ್ಲಿ ಕಣ ಒತ್ತಿ, ಗೆರೆಯಲ್ಲಿ ಸಣ್ಣ ಚುಚ್ಚೊ, ಆಳದ ವ್ಯತ್ಯಾಸವೊ ಉಳಿಯುವುದುಂಟು. ಪ್ರತಿ ೩೮ ಮಿಲಿಮೀಟರಿಗೆ ಇಂಥ ಗುರುತು ಮರುಕಳಿಸಿದರೆ ಕ್ಯಾಮರಾವೇ ಅಪರಾಧಿ. ತೊಳೆಯುವ ಯಂತ್ರದ ಉರುಳೆಗಳಲ್ಲಿ ಫಿಲ್ಮು ನಿಲ್ಲದೆ ಸಮವೇಗದಲ್ಲಿ ಓಡುವುದರಿಂದ ಅಲ್ಲಿಯ ಗೀರು ಏಕರೂಪವಾಗಿರುತ್ತದೆ. ಕೈಯಿಂದ ತೊಳೆಯುವ ತೊಟ್ಟಿಯಲ್ಲಿ ಫಿಲ್ಮು ಸುರುಳಿಯೊಳಗೆ ಸ್ಥಿರವಾಗಿ ನಿಂತಿರುವುದು. ಅದು ಅಲ್ಲಿ ಉದ್ದನೆಯ ಗೆರೆಯನ್ನು ಪಡೆಯಲಾರದು. ಆದರೆ ತೊಳೆದಾದ ಮೇಲೆ ನೀರಿಳಿಸಲು ಬೆರಳುಗಳಿಂದಲೋ ರಬ್ಬರಿನಿಂದಲೋ ಒರಸಿದರೆ ಅಪಾಯವಿದೆ. ಜಿಲಟಿನ್ನು ನೀರು ಕುಡಿದು ಹಲವು ಪಟ್ಟು ಉಬ್ಬಿ, ನೆನೆದ ಅವಲಕ್ಕಿಯಂತೆ ಮೃದುವಾಗಿರುತ್ತದೆ. ಆಗ ಒಂದು ಕಣ ಸಿಕ್ಕಿದರೂ ಸಾಕು, ಲೇಪದ ಮೇಲೆ ತುಸು ಅಲುಗಾಡಿದ ಉದ್ದ ಗೆರೆ ಬೀಳುತ್ತದೆ.

ಇದರಲ್ಲಿ ನನಗೊಂದು ಪಾಠವಾಯಿತು. ಮಡಿವಾಳ ಕೆರೆಯ ಹಕ್ಕಿಗಳನ್ನು ತೆಗೆದ ನನ್ನ ಒಂದು ಸುರುಳಿಯ ಎಲ್ಲ ಚಿತ್ರಗಳಲ್ಲಿಯೂ ಆಕಾಶದಲ್ಲಿ ತಂತಿ ಎಳೆದಂತೆ ಗೆರೆಯಿತ್ತು. ತೊಳೆದುಕೊಟ್ಟ ಅಂಗಡಿಗೆ ಹೋಗಿ ಕೋಪದಿಂದ ಮಾತನಾಡಿದೆ. ಅಲ್ಲಿದ್ದ ಹಿರಿಯರು ಮರುಮಾತಾಡದೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಪ್ರತಿ ಚಿತ್ರಕ್ಕೊಂದರಂತೆ ಚುಚ್ಚಿನ ಗುರುತು ಎಣಿಸುವಂತಿತ್ತು. ಮನೆಗೆ ಬಂದು, ಕೆಲಸಕ್ಕೆ ಬಾರದ ಹಳೆಯ ಫಿಲ್ಮೊಂದನ್ನು ನನ್ನ ಕ್ಯಾಮರಾದಲ್ಲಿ ಆರು ಚಿತ್ರಗಳಷ್ಟು ಓಡಿಸಿ ಓರೆ ಬೆಳಕಿನಲ್ಲಿ ನೋಡಿದೆ. ಅದೇ ಎತ್ತರದಲ್ಲಿ ಅದೇ ಗೆರೆ! ಒತ್ತುಫಲಕದ ಮೇಲೆ ಸಾಸಿವೆಯ ಹತ್ತನೆಯ ಒಂದಂಶವೂ ಇಲ್ಲದ ಒಂದು ಕಲ್ಲಿನ ಹರಳು ಅಂಟಿಕೊಂಡಿತ್ತು. ಮರುದಿನ ಹೋಗಿ ಕ್ಷಮೆ ಕೇಳಿದೆನು. ಆ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಕೋಪವೂ ಉಳಿಯುತ್ತಿತ್ತು, ನಡುವೆ ಹಾಳಾದ ಇನ್ನೊಂದು ಸುರುಳಿಯೂ ಉಳಿಯುತ್ತಿತ್ತು.

ಗೀರಲ್ಲದ ಗೆರೆಗಳು

ಕಂಡ ಗೆರೆಗಳೆಲ್ಲ ಗೀರುಗಳಲ್ಲ. ನಮ್ಮ ಬಡಾವಣೆಗಳ ಕೊಳವೆಬಾವಿಯ ನೀರು ಬಹಳ ಕಡೆ ಗಡುಸು. ಅದರಲ್ಲಿ ತೊಳೆದು ನೇತುಹಾಕಿದ ಫಿಲ್ಮಿನ ಮೇಲೆ ನೀರು ಹರಿದಿಳಿದ ಜಾಡಿನಲ್ಲಿ ಸುಣ್ಣದ ಅಂಶ ಉಳಿದು ಬಿಳಿಯ ಪಟ್ಟೆ ಕಟ್ಟುತ್ತದೆ. ಇದರ ಅಂಚು ನೇರವಾಗಿರದೆ ಹನಿಯ ಆಕಾರದಲ್ಲಿರುತ್ತದೆ. ಕೊನೆಯ ತೊಳೆತಕ್ಕೆ ಬಟ್ಟಿಯಿಳಿಸಿದ ನೀರನ್ನು ಬಳಸಿದರೆ ಇದು ತಪ್ಪುವುದು. ಒಣಹವೆಯಲ್ಲಿ ಫಿಲ್ಮನ್ನು ರಭಸದಿಂದ ಸುತ್ತಿದರೆ ಘರ್ಷಣೆಯಿಂದ ವಿದ್ಯುತ್ತು ಹುಟ್ಟಿ ಕಿಡಿ ಹಾರುವುದುಂಟು. ಅದರ ಗುರುತು ಮಿಂಚಿನಂತೆ ಕವಲೊಡೆದಿರುತ್ತದೆ.

ಇನ್ನು ಸ್ಕ್ಯಾನರಿನ ಗೆರೆ. ಸ್ಕ್ಯಾನರು ಚಿತ್ರವನ್ನು ಒಂದು ಸಾಲಾದ ಬೆಳಕುಗ್ರಾಹಿ ಕಣಗಳಿಂದ ಗುಡಿಸಿದಂತೆ ಓದುತ್ತದೆ. ಆ ಸಾಲಿನ ಮೇಲೆ ಧೂಳು ಕುಳಿತರೆ, ಗುಡಿಸಿದ ಉದ್ದಕ್ಕೂ ಕೂದಲೆಳೆಯಷ್ಟೂ ಬಾಗದ ಗೆರೆ ಮೂಡುವುದು. ನೆಗೆಟಿವನ್ನು ತಿರುಗಿಸಿಟ್ಟು ಮತ್ತೆ ಓದಿಸಬೇಕು. ಗೆರೆ ಚಿತ್ರದೊಡನೆ ತಿರುಗಿದರೆ ಅದು ಫಿಲ್ಮಿನದು. ತಿರುಗದೆ ನಿಂತರೆ ಯಂತ್ರದ್ದು.

ಇದೇ ಪ್ರಶ್ನೆ ವಿಜ್ಞಾನಿಗಳಿಗೂ ಎದುರಾಗುತ್ತದೆ. ಬಿಟಿಎಂ ಲೇಔಟ್‌ಗೆ ಹೊಂದಿಕೊಂಡಿರುವ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಅದಕ್ಕೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ದಶಕಗಳವರೆಗೆ ಸೂರ್ಯನ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೂ ಫಿಲ್ಮಿನ ಮೇಲೂ ತೆಗೆದಿದ್ದಾರೆ. ಸಂಸ್ಥೆ ಅವನ್ನು ಈಗ ಗಣಕ ರೂಪಕ್ಕೆ ತಂದಿದೆ. ಈ ಚಿತ್ರಗಳಲ್ಲಿ ಅನೇಕವನ್ನು ತೆಗೆದ ಉಪಕರಣವು ಒಂದು ಕಿರಿದಾದ ಸೀಳುಗಂಡಿಯಿಂದ ಸೂರ್ಯಬಿಂಬವನ್ನು ಪಟ್ಟೆಪಟ್ಟೆಯಾಗಿ ಗುಡಿಸುತ್ತದೆ. ಸೀಳುಗಂಡಿಯಲ್ಲಿ ಧೂಳಿದ್ದರೆ ಸ್ಕ್ಯಾನರಿನಲ್ಲಿ ಆಗುವಂತೆಯೇ ಇಲ್ಲಿಯೂ ನೇರ ಗೆರೆ ಬೀಳುವುದು. ಸೂರ್ಯನ ಮೇಲೆಯೂ ತಂತುಗಳೆಂಬ ಕಪ್ಪು ಎಳೆಗಳು ನಿಜವಾಗಿ ಕಾಣುತ್ತವೆ. ಯಾವುದು ತಂತು, ಯಾವುದು ಗೆರೆ? ಮರುದಿನದ ಚಿತ್ರವನ್ನು ನೋಡಬೇಕು. ಸೂರ್ಯನು ನಮಗೆ ಕಾಣುವಂತೆ ಸುಮಾರು ೨೭ ದಿನಗಳಿಗೊಮ್ಮೆ ಸುತ್ತುವುದರಿಂದ ತಂತು ದಿನಕ್ಕೆ ಸುಮಾರು ೧೩ ಡಿಗ್ರಿ ಸರಿದಿರುತ್ತದೆ. ಫಲಕದ ಗೀರು ಆ ಫಲಕದಲ್ಲಿಯೇ ಉಳಿಯುವುದು. ಸೀಳುಗಂಡಿಯ ಧೂಳಿನ ಗೆರೆ, ಧೂಳನ್ನು ಒರಸುವವರೆಗೆ, ಸರಿಯದೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುವುದು.

ಅಜ್ಜಿಯ ಚಿತ್ರ

ಈಗ ಆ ವಿದ್ಯಾರ್ಥಿನಿ ತಂದ ನೆಗೆಟಿವಿಗೆ ಬರೋಣ. ಪ್ರಿಂಟಿನಲ್ಲಿ ಗೆರೆ ಬಿಳಿ. ಓರೆ ಬೆಳಕಿನಲ್ಲಿ ಅದು ಹೊಳೆಯುವ ಮಗ್ಗುಲಲ್ಲಿ ಮಿಂಚಿತು. ಎಂದರೆ ಗೀರು ತಳದ್ದು. ಲೇಪಕ್ಕೆ ಏಟು ಬಿದ್ದಿಲ್ಲ. ದಿಕ್ಕು ಫಿಲ್ಮಿನ ಉದ್ದಕ್ಕೆ. ಪ್ರತಿ ೩೮ ಮಿಲಿಮೀಟರಿನ ಗುರುತು ಇಲ್ಲ. ಬಳಿಕ ಆ ತುಂಡಿನ ಹಿಂದಿನ ಮತ್ತು ಮುಂದಿನ ತುಂಡುಗಳನ್ನು ಅಂಚಿನ ಅಂಕಿಗಳ ಪ್ರಕಾರ ಜೋಡಿಸಿಟ್ಟು ನೋಡಿದೆವು. ಗೆರೆ ಕತ್ತರಿಸಿದ ಅಂಚಿನಲ್ಲಿಯೇ ಆರಂಭವಾಗಿ ಇನ್ನೊಂದು ಅಂಚಿನಲ್ಲಿಯೇ ಮುಗಿದಿತ್ತು. ನೆರೆಯ ತುಂಡುಗಳಲ್ಲಿ ಆ ಎತ್ತರದಲ್ಲಿ ಏನೂ ಇರಲಿಲ್ಲ.

ಇದರಿಂದ ಹೊರಡುವ ತೀರ್ಮಾನ ಒಂದೇ. ಕ್ಯಾಮರಾದಲ್ಲಿ ಅಥವಾ ತೊಳೆಯುವಾಗ ಗೀರಿದ್ದರೆ, ಆಗ ಫಿಲ್ಮು ಇನ್ನೂ ಅಖಂಡವಾಗಿದ್ದುದರಿಂದ, ಗೆರೆ ಕತ್ತರಿಯ ಗಡಿಯನ್ನು ದಾಟಬೇಕಾಗಿತ್ತು. ದಾಟಿಲ್ಲವಾದುದರಿಂದ ಗೀರು ಬಿದ್ದದ್ದು ಕತ್ತರಿಸಿದ ಮೇಲೆ. ಸ್ಟುಡಿಯೋದವರು ತೊಳೆಯುವಾಗ ಕೆಡಿಸಿದರೆಂಬುದು ನಿಲ್ಲಲಾರದ ಮಾತು. ಲಕೋಟೆಯ ಹಿಂಬದಿಯನ್ನು ನೋಡಿದಾಗ ಕಥೆ ಪೂರ್ತಿಯಾಯಿತು. ಬೇರೆ ಬೇರೆ ಶಾಯಿಗಳಲ್ಲಿ ಆ ಚಿತ್ರದ ಸಂಖ್ಯೆಯ ಎದುರಿಗೆ ‘೨ ಪ್ರತಿ’, ‘೪ ಪ್ರತಿ’, ‘೧ ದೊಡ್ಡದು’ ಎಂದು ಬರೆದಿತ್ತು. ಮನೆಯವರು ಅಜ್ಜಿಯ ಚಿತ್ರಕ್ಕಾಗಿ ಆ ತುಂಡನ್ನೇ ಮತ್ತೆ ಮತ್ತೆ ಧೂಳು ತುಂಬಿದ ಲಕೋಟೆಯಿಂದ ಎಳೆದು ತೆಗೆದಿದ್ದರು. ಉಳಿದ ತುಂಡುಗಳು ಯಾರಿಗೂ ಬೇಡವಾಗಿ ಕನ್ನಡಿಯಂತೆ ಉಳಿದಿದ್ದುವು.

“ಹಾಗಾದರೆ ಕೆಡಿಸಿದವರು ನಾವೇ,” ಎಂದಳು ಅವಳು.

ಉಳಿದದ್ದು ಚಿಕಿತ್ಸೆ. ಬೋಂಡ ಕಟ್ಟಿಕೊಟ್ಟ ಕಾಗದಕ್ಕೆ ಎಣ್ಣೆ ತಾಗಿದ ಕಡೆ ಬೆಳಕು ಹಾಯುವುದನ್ನು ಎಲ್ಲರೂ ನೋಡಿದ್ದಾರೆ. ಕಾಗದದ ನಾರುಗಳ ನಡುವಣ ಗಾಳಿಯ ಜಾಗವನ್ನು, ನಾರಿಗೆ ಹತ್ತಿರದ ವಕ್ರೀಭವನಾಂಕವುಳ್ಳ ಎಣ್ಣೆ ತುಂಬುವುದರಿಂದ ಬೆಳಕು ಚೆದರುವುದು ಕಡಿಮೆಯಾಗುತ್ತದೆ. ತಳದ ಗೀರಿಗೂ ಇದೇ ಮದ್ದು. ಟ್ರೈಅಸಿಟೇಟಿನ ವಕ್ರೀಭವನಾಂಕ ಸುಮಾರು ೧.೪೮, ಗಾಳಿಯದು ೧.೦೦. ಕಾಲುವೆಯನ್ನು ಸುಮಾರು ೧.೪೭ ಅಂಕದ ಜಿಡ್ಡಿನಿಂದ ತುಂಬಿದರೆ ವ್ಯತ್ಯಾಸ ೦.೪೮ರಿಂದ ೦.೦೧ಕ್ಕೆ ಇಳಿಯುತ್ತದೆ, ಬೆಳಕಿಗೆ ಕಾಲುವೆ ಇದ್ದೂ ಇಲ್ಲದಂತಾಗುತ್ತದೆ. ಸಿನಿಮಾ ಪ್ರಯೋಗಾಲಯಗಳಲ್ಲಿ ಫಿಲ್ಮನ್ನು ಇಂಥ ದ್ರವದಲ್ಲಿ ಮುಳುಗಿಸಿಯೇ ಪ್ರತಿ ತೆಗೆಯುವ ಕ್ರಮವುಂಟು. ಆ ದ್ರವಗಳು ವಿಷಯುಕ್ತವಾದುದರಿಂದ ಮನೆಯಲ್ಲಿ ಬಳಸತಕ್ಕವಲ್ಲ. ಹಿಂದಿನ ಛಾಯಾಗ್ರಾಹಕರು ಮೂಗಿನ ಪಕ್ಕದ ಜಿಡ್ಡನ್ನು ಬೆರಳ ತುದಿಗೆ ತೆಗೆದು ತಳದ ಗೀರಿಗೆ ತೆಳುವಾಗಿ ಸವರುತ್ತಿದ್ದರು. ಕೇಳಲು ನಗು ಬಂದರೂ ಅದರ ಹಿಂದಿನ ಶಾಸ್ತ್ರ ಇದೇ.

ಬೇಡವಾದ ಒಂದು ನೆಗೆಟಿವಿನ ಮೇಲೆ ಮೊದಲು ಪರೀಕ್ಷಿಸಿ, ಧೂಳನ್ನು ಊದಿ, ಹಾಗೆಯೇ ಮಾಡಿದೆವು. ಮತ್ತೆ ಸ್ಕ್ಯಾನ್ ಮಾಡಿದಾಗ ಹಣೆಯ ಮೇಲಿನ ಗೆರೆ ಮಾಯವಾಗಿತ್ತು; ಕಿವಿಯ ಬಳಿ ಮಾತ್ರ ಹುಡುಕಿದರೆ ಕಾಣುವಷ್ಟು ಎಳೆ ಉಳಿದಿತ್ತು. ಆ ತುಂಡು ಈಗ ಹೊಸ ಹಾಳೆಯ ಕಿಸೆಯಲ್ಲಿದೆ, ಅದನ್ನು ಇನ್ನು ಹೊರಗೆಳೆಯಬೇಕಾದ ಅಗತ್ಯವಿಲ್ಲ.

ಅಭ್ಯಾಸ

ವಿದ್ಯಾರ್ಥಿಗಳು ಮನೆಯಲ್ಲಿರುವ ಹಳೆಯ ನೆಗೆಟಿವೊಂದನ್ನು ಅಂಚಿನಲ್ಲಿ ಹಿಡಿದು ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಲಿ.

೧. ಗೆರೆ ನೆಗೆಟಿವಿನಲ್ಲಿಯೇ ಇದೆಯೆ, ಇಲ್ಲವೆ ಪ್ರಿಂಟಿನಲ್ಲಿ ಅಥವಾ ಸ್ಕ್ಯಾನಿನಲ್ಲಿ ಮಾತ್ರವೆ?
೨. ಪ್ರಿಂಟಿನಲ್ಲಿ ಅದು ಕಪ್ಪೊ, ಬಿಳಿಯೊ?
೩. ಓರೆ ಬೆಳಕಿನಲ್ಲಿ ಯಾವ ಮಗ್ಗುಲಲ್ಲಿ ಮಿಂಚುತ್ತದೆ?
೪. ಫಿಲ್ಮಿನ ಉದ್ದಕ್ಕಿದೆಯೆ, ಅಡ್ಡಕ್ಕಿದೆಯೆ? ನೇರವೊ, ಅಲುಗಾಡಿದೆಯೊ?
೫. ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಚಿತ್ರಗಳ ನಡುವಣ ಗಡಿಯನ್ನೂ ಕತ್ತರಿಯ ಗಡಿಯನ್ನೂ ದಾಟುತ್ತದೆಯೆ?
೬. ೩೮ ಮಿಲಿಮೀಟರಿಗೊಮ್ಮೆ ಏನಾದರೂ ಮರುಕಳಿಸುತ್ತದೆಯೆ?

ಆರಕ್ಕೂ ಉತ್ತರ ದೊರೆತ ಮೇಲೆ ಕಾರಣವನ್ನು ಹೇಳಬಹುದು. ಯಾರ ಮೇಲಾದರೂ ತಪ್ಪು ಹೊರಿಸಬೇಕಾದರೆ ಅದಕ್ಕೂ ಮುಂಚೆ ಹೊರಿಸಬಾರದು.